ಚುಕ್ಕಿ ಇಲ್ಲದ ಹೆಸರು

ಬಂದಗಿಸಾಬ ಬಂದದ್ದು ಶಹಾಪುರ ಅಗಸಿಯ ಕಡೆಯಿಂದ,
ನೆತ್ತಿ ಸುಡುವ ಹೊತ್ತಿನಲ್ಲಿ.
ಬಗಲಲ್ಲಿ ಚೌಕುಳಿ ಹಾಳೆಯ ವಹಿ,
ಕಿವಿಗೆ ದಾರ ಸುತ್ತಿದ ಚಾಳೀಸು.
"ಕಾಶಕ್ಕ, ಕಲ್ಲು ಇನ್ನೂ ಕೈಯಾಗ ಐತಿ,
ಕಣ್ಣಾಗ ಇಲ್ಲ. ನೀ ಎಳಿ ಎಣಿಸೋಕಿ.
ಇದನ್ನೊಂದು ಅರಿವ್ಯಾಗ ಎಣಿಸಿಕೊಡು."

ವಹಿ ಬಿಡಿಸಿದೆ. ಗೌಂಡಿಯ ನಕಾಶೆ ಅಂದುಕೊಂಡೆ.
ಎಲ್ಲ ಮೂಲೆ, ಎಲ್ಲ ನೇರ, ಎಲ್ಲೂ ಬಳುಕಿಲ್ಲ.
"ಏನಿದು?"
"ಕೂಫಿ."
ನಾನು ಕಾಫಿ ಎಂದು ಕೇಳಿಸಿಕೊಂಡು
ನಮ್ಮಲ್ಲಿ ಬರೀ ಚಹಾ ಎಂದೆ.
ಹಲ್ಲಿಲ್ಲದ ಬಾಯಿ ತುಂಬ ನಕ್ಕ.
ಹೆಂಡತಿಯ ನಲವತ್ತರ ಫಾತೆಹಾ ಆಗಿ
ಇನ್ನೂ ಎರಡು ದಿನ.

ಬಸಿಯಲ್ಲಿ ಚಹಾ ಆರಿಸುತ್ತ ಹೇಳಿದ:
ಫುರಾತ್ ಹೊಳೆಯ ದಂಡೆಗೆ ದಂಡು ಇಳಿದ ಜಾಗ
ಊರಾಯಿತು, ಕೂಫಾ ಆಯಿತು.
ಊರಿನ ಹೆಸರು ಅಕ್ಷರಕ್ಕೆ ಅಂಟಿತು,
ಇಳಕಲ್ಲು ಸೀರೆಗೆ ಅಂಟಿದ ಹಾಗೆ.
ತೊಗಲಿನ ಹಾಳೆ, ಎತ್ತರ ಕಡಿಮೆ, ಅಗಲ ಜಾಸ್ತಿ,
ಪುಟಕ್ಕೆ ಕೆಲವೇ ಸಾಲು.
ಒಂದೊಂದು ಅಕ್ಷರ
ಒಣಹಾಕಿದ ಧೋತರದಷ್ಟು ಉದ್ದ.
ದೇವರ ಮಾತಿಗೂ ಅದೇ, ನಾಣ್ಯದ ಅಂಚಿಗೂ ಅದೇ,
ಹಾದಿಯ ಹರದಾರಿ ಕಲ್ಲಿಗೂ, ಗೋರಿಗೂ ಅದೇ.
ಆಮೇಲೆ ಕಾಗದ ಬಂತು, ಲೇಖಣಿಗೆ ಅವಸರ ಬಂತು.
ದುಂಡು ಅಕ್ಷರಗಳು ಓಡಿದವು.
ಇದಕ್ಕೆ ಓಡಲು ಬರುವುದಿಲ್ಲ.
ತಲೆಬರಹದಲ್ಲಿ ಸ್ವಲ್ಪ ದಿನ ಇದ್ದು
ಇಟ್ಟಿಗೆ ಗೋಡೆಗೆ ಹೋಗಿ ಕೂತಿತು,
ಪಡಸಾಲೆ ಬಿಟ್ಟು ಕಟ್ಟೆಗೆ ಬಂದ ಹಿರಿಯನಂತೆ.
"ನಮ್ಮ ರೋಜಾದ ಕಿಟಕ್ಯಾಗ ಬಳ್ಳಿಹಂಗ ಹಬ್ಬ್ಯಾವಲ್ಲ,
ಅವೆಲ್ಲ ಇದರ ಆಮ್ಯಾಲಿನ ಹುಡುಗರು."

ನನಗೆ ನೆನಪಾದದ್ದು ಕನ್ನಡ ಶಾಲೆಯ ಮಾಸ್ತರು:
ನೆಟ್ಟಗೆ ಗೀಚಿದರೆ ಓಲೆಗರಿ ಸೀಳುತ್ತದೆ,
ಅದಕ್ಕೇ ನಮ್ಮ ಅಕ್ಷರ ದುಂಡಗೆ, ಅಂದಿದ್ದರು.
ಎಲೆಗೆ ಅಂಜಿದ್ದು ನಮ್ಮದು.
ಇದು ಯಾರಿಗೂ ಅಂಜಿದಂತಿಲ್ಲ.

ಮ್ಯಾಟಿ ಬಟ್ಟೆ ಮೊಣಕಾಲ ಮೇಲೆ ಹಾಸಿ
ಬಲಗಡೆಯಿಂದ ಹಿಡಿದೆ, ಗವಂತಿ ಹೊಲಿಗೆ.
ಒಂದು ಬಾಗು. ಎರಡು ಹಲ್ಲು,
ಅವಳಿ ಮಕ್ಕಳಂತೆ ಒಂದೇ ತೆರ.
ಒಂದು ತಲೆ. ಕೊನೆಗೊಂದು ಬೋಗುಣಿ.
ಪರಗಿ ಚೌಕದ ಉರ್ದು ಪಾಟಿಗಳಲ್ಲಿ
ಎಳ್ಳು ಚೆಲ್ಲಿದಂತೆ ಚುಕ್ಕಿ ಇರುತ್ತವಲ್ಲ,
ಇಲ್ಲೇಕೆ ಒಂದೂ ಇಲ್ಲ?

"ಆಗ ಇಡ್ತಿದ್ದಿಲ್ಲವಾ, ಇಟ್ಟರೂ ಅಲ್ಲೊಂದು ಇಲ್ಲೊಂದು.
ಓದಾವಗ ಮೊದಲ ಬಾಯಿಪಾಠ ಇರ್ತಿತ್ತು.
ಬರದದ್ದು ಬರೇ ನೆನಪ ಮಾಡಾಕ.
ಗೊತ್ತಿಲ್ಲದವರು ಓದಾಕ ಬಂದ ಮ್ಯಾಲೆ
ಚುಕ್ಕಿ ಬೇಕಾದವು."

ನಾವು ಮೊದಲು ಚುಕ್ಕಿ ಇಟ್ಟು ಆಮೇಲೆ ಗೆರೆ ಎಳೆಯುವ ಮಂದಿ.
ಹೊಸ್ತಿಲ ಮುಂದೆ ಚುಕ್ಕಿ ತಪ್ಪಿದರೆ ಅತ್ತೆ ಅಳಿಸುತ್ತಿದ್ದಳು.
"ಹಂಗಾದ್ರ ಈ ಹಲ್ಲು ಯಾವುದಾದರೂ ಆಗಬಹುದು?"
"ಹೂಂ. ಬೇರೆಯವರಿಗೆ ಯಾವುದಾದರೂ.
ನನಗ ಜೈತೂನ."

ಸೂಜಿ ಅಲ್ಲೇ ನಿಂತಿತು.
ಜೈತೂನಬಿ, ತಾಜ ಬಾವಡಿಯ ಮಗ್ಗುಲಲ್ಲಿ
ಹುಣಸೆಹಣ್ಣು ಬಿಡಿಸಿ ಮಾರುತ್ತಿದ್ದವಳು,
ರೇಷನ್ ಚೀಟಿಗೆ ಹೆಬ್ಬೆಟ್ಟು ಒತ್ತಿದವಳು.
ನೂರಾರು ಜನರ ಹೆಸರು ಕಲ್ಲಿಗೆ ಹೊಡೆದ ಗಂಡ
ಆಕೆ ಇರುವತನಕ
ಆಕೆಯ ಹೆಸರು ಎಲ್ಲೂ ಬರೆದಿರಲಿಲ್ಲ.
ಕೇಳಬೇಕೆನಿಸಿತು. ಚಹಾ ಮತ್ತಿಷ್ಟು ಸುರಿದೆ.

ಮೂರನೇ ದಿನ ಮುಗಿಯಿತು. ಗವಂತಿಗೆ ಗಂಟಿಲ್ಲ,
ಮುಂದೆ ಹೇಗೋ ಹಿಂದೆಯೂ ಹಾಗೇ.
ಬಟ್ಟೆ ಮಗುಚಿದೆ:
ಅದೇ ಹೆಸರು ಎಡದಿಂದ ಹೊರಟು ಬಲಕ್ಕೆ ಬರುತ್ತಿತ್ತು,
ಕನ್ನಡ ಬಂದಂತೆ, ನನ್ನ ಕಡೆಗೆ.
ಅವನಿಗೆ ತೋರಿಸಲಿಲ್ಲ.
ಅವನು ಬೆರಳಿನಿಂದ ಎಳೆ ತಡವಿ ತಡವಿ
ಹದಿನೇಳು, ಹದಿನೇಳು, ಎನ್ನುತ್ತ ಹೋದ.

ಕಲ್ಲು ನಿಂತಿದೆ. ಆಡು ಕಾಯುವ ಹುಡುಗರಿಗೆ
ಅದು ಮೆಟ್ಟಿಲಿನ ಚಿತ್ರ.
ಎರಡನೇ ಹಲ್ಲಿನ ಮೇಲೆ ಗುಬ್ಬಿ ಕೂತು
ಬಿಳಿ ಚುಕ್ಕಿ ಇಟ್ಟು ಹೋಗುತ್ತದೆ, ಒಮ್ಮೊಮ್ಮೆ ಎರಡು.

ವಹಿಯ ಹಾಳೆ ನನ್ನಲ್ಲೇ ಉಳಿಯಿತು.
ಸೊಸೆ ಅದನ್ನು ಸಾಲಾಗಿ ಕೂಡಿಸಿ ಸೆರಗಿಗೆ ಹಾಕಿದಳು.
ಹೆಸರೇನು ಈ ಅಂಚಿಗೆ, ಎಂದು ಅಂಗಡಿಯವರು ಕೇಳಿದಾಗ
ಜೈತೂನ, ಅಂದೆ.
ಈಗ ಮದುವೆಯ ಬಟ್ಟೆಗೆ ಬಂದವರು
ಗೋಪುರ ಬ್ಯಾಡ, ಆನೆ ಬ್ಯಾಡ,
ಜೈತೂನ ಹಾಕಿಕೊಡ್ರಿ ಅನ್ನುತ್ತಾರೆ.
ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳು
ಆ ಸೆರಗಿನಿಂದ ಮಗುವಿನ ಮೂಗು ಒರೆಸುತ್ತಿದ್ದಳು.